ಕೈರಂಪಣಿಯ ಪಾಲು

ಸೋಣ ತಿಂಗಳ ಒಂದು ಬೆಳಿಗ್ಗೆ ಕಾಪುವಿನ ದೀಪಸ್ತಂಭದಿಂದ ಸ್ವಲ್ಪ ದೂರದಲ್ಲಿ ಕೈರಂಪಣಿ ಬಲೆ ಎಳೆಯುತ್ತಿದ್ದರು. ದೋಣಿ ಕಡಲಲ್ಲಿ ಅರ್ಧಚಂದ್ರದಂತೆ ಬಲೆ ಬಿಟ್ಟು ಬಂದಿತ್ತು. ಎರಡು ತುದಿಯ ಹಗ್ಗಗಳಿಗೆ ದಡದಲ್ಲಿ ಎರಡು ಸಾಲು ಜನ. ಸುಮ್ಮನೆ ನಿಂತಿದ್ದ ನನ್ನನ್ನು ನೋಡಿ ಹಿರಿಯರೊಬ್ಬರು "ಬಲೆ ಮಾರಾಯ್ರೇ" ಎಂದರು. ತುಳುವಿನಲ್ಲಿ ಬಲೆ ಎಂದರೆ ಮೀನಿನ ಬಲೆಯೂ ಹೌದು, 'ಬನ್ನಿ' ಎಂಬ ಕರೆಯೂ ಹೌದು. ಚಪ್ಪಲಿ ಬಿಟ್ಟು ಹಗ್ಗ ಹಿಡಿದೆ.

ಒದ್ದೆ ಹಗ್ಗಕ್ಕೆ ಮರಳು ಮೆತ್ತಿಕೊಂಡಿತ್ತು. ಹತ್ತು ಹೆಜ್ಜೆಯಲ್ಲೇ ಅಂಗೈ ಕೆಂಪಾಯಿತು. ಹುರುಪಿನಲ್ಲಿ ಜೋರಾಗಿ ಎಳೆದಾಗ ಹಿಂದಿನವರು ತಡೆದರು: "ಆಚೆ ಸಾಲು ನೋಡಿ." ಒಂದು ತುದಿ ಮುಂದಾದರೆ ಬಲೆ ಓರೆಯಾಗಿ ಮೀನು ಜಾರಿಹೋಗುತ್ತದಂತೆ.

ಬಲೆ ದಡ ಮುಟ್ಟಿತು. ಒಳಗೆ ಬೂತಾಯಿ, ಬಂಗುಡೆ ಪಟಪಟನೆ ಹಾರುತ್ತಿದ್ದವು. ದೋಣಿಗಿಷ್ಟು, ಬಲೆಗಿಷ್ಟು, ಎಳೆದವರಿಗಿಷ್ಟು ಎಂದು ಲೆಕ್ಕ ಅಲ್ಲೇ, ಎಲ್ಲರ ಕಣ್ಣೆದುರೇ ಆಯಿತು. ಯಾರೂ ಧರ್ಮಕ್ಕೆ ಬಂದವರಲ್ಲ. ಒಬ್ಬರಿಗೆ ಮಗಳ ಫೀಸು, ಒಬ್ಬರಿಗೆ ಮನೆಯ ಹಂಚು. ತನ್ನ ಪಾಲು ಕಣ್ಣಿಗೆ ಕಾಣುತ್ತದೆ ಎಂಬ ಕಾರಣಕ್ಕೇ ಅಷ್ಟು ಜನ ಹೆಜ್ಜೆ ಕೂಡಿಸಿದ್ದರು. ಸ್ವಾರ್ಥವನ್ನು ಬೈಯುವುದನ್ನು ನಾನು ಆವತ್ತೇ ಬಿಟ್ಟೆ. ನಾಲ್ಕು ಬಂಗುಡೆ ನನ್ನ ಜೊತೆ ಮಣಿಪಾಲಕ್ಕೂ ಬಂದವು.

ಸ್ವಾರ್ಥಗಳು ಹೀಗೆ ಹೆಜ್ಜೆ ಕೂಡಿಸುವುದು ಉಡುಪಿಯ ನೆಲದ ಮೇಲೂ ನಡೆದಿತ್ತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿ, ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸಿತು. ಕಟ್ಟಿದವರು ತಮ್ಮ ಮನೆಯ ಮದುವೆಗೆಂದು ಕಟ್ಟಿದರು. ಆ ದುಡ್ಡು ಇನ್ನೊಬ್ಬರ ಕಸುಬಿಗೆ ಬಂಡವಾಳವಾಯಿತು.

ಮತ್ತೆ ಕಡಲಿಗೆ ಬಂದರೆ, ಹಿಂದಿನ ದೊಡ್ಡ ರಂಪಣಿಗೆ ಅರುವತ್ತು, ಎಂಬತ್ತು ಜನ ಬೇಕಿತ್ತು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದು, ಹಿಂಡು ದಡಕ್ಕೆ ಬರುವ ಮೊದಲೇ ಬಳಿದುಕೊಂಡವು. ದೊಡ್ಡ ರಂಪಣಿ ಮರೆಯಾಯಿತು. ಬೋಟಿನವರದೂ ಹೊಟ್ಟೆಪಾಡೇ, ಅಲ್ಲೂ ಪಾಲಿನ ಲೆಕ್ಕ ಉಂಟು. ಆದರೆ ಆಳ ಕಡಲಲ್ಲಿ ಆಚೆ ಸಾಲು ಕಾಣುವುದಿಲ್ಲ. ಯಾರು ಎಷ್ಟು ಎಳೆದರೆಂದು ಹೇಳಲು ಮರಳಿನ ಮೇಲೆ ಯಾರೂ ನಿಂತಿರುವುದಿಲ್ಲ.

ಅದಕ್ಕೇ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಬಂದರಿನಲ್ಲೇ ನಿಲ್ಲಬೇಕೆಂಬ ನಿಯಮ. ಒಬ್ಬ ಹೊರಟರೆ ಉಳಿದವರೂ ಹೊರಡುತ್ತಾರೆ. ಮೀನು ಮೊಟ್ಟೆಯಿಡುವ ಆ 61 ದಿನಗಳನ್ನು ದಯವಿಟ್ಟು ಯಾರೂ ಕದಿಯಬೇಡಿ.