ಒಬ್ಬೊಬ್ಬರೇ ದಾಟುವ ಗೇಟು

ನಿಮ್ಮ ಮನೆಯವರೂ ದಾರಿಯಲ್ಲಿ ಹತ್ತು ಹೆಜ್ಜೆ ಮುಂದೆಯೇ ನಡೆಯುತ್ತಾರೆಯೇ? ಹಾಗಾದರೆ ಸೋದರಿ, ಈ ಪ್ರವಾಸದ ಕತೆ ನಿಮಗೇ. ಮದುವೆಯಾಗಿ 36 ವರ್ಷ ನಮ್ಮವರ ಬೆನ್ನು ನೋಡಿಕೊಂಡೇ ನಡೆದವಳು ನಾನು. ಕೈಯಲ್ಲಿ ಚೀಲ, ಕಂಕುಳಲ್ಲಿ ಮಗು, ಮುಂದಿನಿಂದ "ಬೇಗ ಬಾರೇ" ಎಂಬ ಕೂಗು!

ಕಳೆದ ವರ್ಷ ಬೇಸಿಗೆಯಲ್ಲಿ ಲಂಡನ್ನಿನ ಮಗಳ ಮನೆಗೆ ಹೋಗಿದ್ದೆವು. ಅದಕ್ಕೆ ಮುಂಚೆ ನಮ್ಮವರಿಗೆ ಹೃದಯದ ಆಪರೇಷನ್ ಆಗಿತ್ತು. ಡಾಕ್ಟರು ನಡೆಯಿರಿ ಎಂದರೂ ಇವರು ವರಾಂಡ ಬಿಟ್ಟು ಕದಲಿರಲಿಲ್ಲ. "ಅಮ್ಮಾ, ರೈಲಿನಲ್ಲಿ ಹೋಗಿ, ನಿಧಾನವಾಗಿ ನಡೆದಾಡಿ ಬನ್ನಿ" ಎಂದು ಮಗಳೇ ಟಿಕೆಟ್ ತೆಗೆಸಿದಳು. 60 ದಾಟಿದವರು ಅಲ್ಲಿ ರಿಯಾಯಿತಿ ಕಾರ್ಡು ಕೊಂಡರೆ ಟಿಕೆಟ್ಟಿನ ಮೂರನೇ ಒಂದು ಪಾಲು ಉಳಿಯುತ್ತದೆ.

ಯೂಸ್ಟನ್ ನಿಲ್ದಾಣದಿಂದ ಸುಮಾರು ಮೂರು ಗಂಟೆಗೆ ಆಕ್ಸೆನ್‌ಹೋಮ್. ಅಲ್ಲಿ ಪುಟ್ಟ ರೈಲು ಹತ್ತಿದರೆ ಕೊನೆಯ ನಿಲ್ದಾಣವೇ ಸರೋವರಗಳ ನಾಡಿನ ವಿಂಡರ್ಮಿಯರ್. ಶಾಲೆಯಲ್ಲಿ ನಾವು ಓದಿದ ಡ್ಯಾಫೊಡಿಲ್ ಹೂಗಳ ಕವಿ ವರ್ಡ್ಸ್‌ವರ್ತ್, ಜನ ನುಗ್ಗಿ ನೆಮ್ಮದಿ ಕೆಡುತ್ತದೆಂದು 1844ರಲ್ಲಿ ಈ ರೈಲಿನ ವಿರುದ್ಧ ಪದ್ಯವನ್ನೇ ಬರೆದಿದ್ದರು. ಆದರೂ 1847ರಲ್ಲಿ ರೈಲು ಬಂತು. ಬಾರದಿದ್ದರೆ ನಮ್ಮಂಥವರು ಅಲ್ಲಿಗೆ ಹೋಗುವುದುಂಟೇ?

ನಿಲ್ದಾಣದ ಹತ್ತಿರವೇ ಆರೆಸ್ಟ್ ಹೆಡ್ ಗುಡ್ಡಕ್ಕೆ ಕಾಲುದಾರಿ. ಎತ್ತರ 800 ಅಡಿಯೊಳಗೆ. ಸೀರೆಯ ಕೆಳಗೆ ಕ್ಯಾನ್ವಾಸ್ ಷೂ ಹಾಕಿ, ಚಪಾತಿ ಸುರುಳಿ, ಫ್ಲಾಸ್ಕಿನ ಕಾಫಿ ಹಿಡಿದು ಹೊರಟೆ. ಆ ದೇಶದಲ್ಲಿ ಒಬ್ಬರ ಹೊಲದ ನಡುವೆ ಸಾರ್ವಜನಿಕ ಕಾಲುದಾರಿ ಇದ್ದರೆ ಯಾರು ಬೇಕಾದರೂ ನಡೆಯಬಹುದು.

ಅರ್ಧ ದಾರಿಯಲ್ಲಿ ನೋಡುತ್ತೇನೆ, ನನ್ನ ಮುಂದೆ ಬೆನ್ನಿಲ್ಲ! ತಿರುಗಿದರೆ ಇವರು ಕಲ್ಲುಗೋಡೆಗೆ ಕೈಕೊಟ್ಟು ನಿಂತಿದ್ದಾರೆ. "ಏನಿಲ್ಲ ಕಣೇ, ಗೋಡೆ ನೋಡ್ತಿದ್ದೆ. ಗಾರೆಯೇ ಇಲ್ಲ, ಬರೀ ಕಲ್ಲು ಜೋಡಿಸಿದ್ದಾರೆ" ಎಂದರು. ಏದುಸಿರು ನನಗೆ ಕೇಳಿಸುತ್ತಿತ್ತು. ಎದೆ ಧಸಕ್ಕೆಂದಿತು. ಆದರೆ ಏನೂ ಅನ್ನಲಿಲ್ಲ. ಬಿಚ್ಚದ ಷೂ ಲೇಸನ್ನು ಬಗ್ಗಿ ಕಟ್ಟುತ್ತಾ ನಿಂತೆ. ಅಂದು ಮೂರು ಸಲ ಕಟ್ಟಿದೆನಮ್ಮಾ!

ತುದಿಯ ಹತ್ತಿರ ಒಂದು ಗೇಟು. ಅರ್ಧ ಸುತ್ತಿನ ಬೇಲಿಯೊಳಗೆ ಆಡುವ ಬಾಗಿಲು. ಕುರಿ ದನ ದಾಟಲಾರವು, ಮನುಷ್ಯರು ಒಬ್ಬೊಬ್ಬರೇ ದಾಟಬೇಕು. ಹೆಸರು ಕೇಳಿ ನಗಬೇಡಿ, ಕಿಸ್ಸಿಂಗ್ ಗೇಟ್! ನಾನು ದಾಟಿ ನಿಂತೆ.

"ಯಾಕೆ ನಿಂತೆ?"

"ನಿಮಗೋಸ್ಕರ ಕಣ್ರೀ."

ಅವರು ಬಾಗಿಲು ಹಿಡಿದುಕೊಂಡೇ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾನು ಒಂದ್ಸಲಾನೂ ನಿಂತಿಲ್ಲ, ಅಲ್ವೇನೇ?" ಎಂದರು. ನಾನು ಉತ್ತರ ಕೊಡಲಿಲ್ಲ, ಕೈ ಕೊಟ್ಟೆ.

ಮೇಲೆ ಬೆಂಚಿನಲ್ಲಿ ಕೂತು ಕಾಫಿ ಕುಡಿದೆವು. ಕೆಳಗೆ ಇಂಗ್ಲೆಂಡಿನ ಅತಿ ದೊಡ್ಡ ಸಹಜ ಸರೋವರ ವಿಂಡರ್ಮಿಯರ್ ಉದ್ದಕ್ಕೂ ಮಲಗಿತ್ತು.

ಈಗ ಮೈಸೂರಿನಲ್ಲಿ ದಿನವೂ ನಡೆದು ಅವರ ಹೆಜ್ಜೆ ಮತ್ತೆ ಚುರುಕಾಗಿದೆ. ತರಕಾರಿಗೆ ಹೊರಟರೆ ಹಳೆಯ ಹಾಗೇ ಮುಂದೆ ಹೋಗುತ್ತಾರೆ. ಆದರೆ ತಿರುವಿನಲ್ಲಿ ನಿಂತು, ನಾನು ಬಂದ ಮೇಲೆ "ಚೀಲ ಇತ್ತ ಕೊಡು" ಅನ್ನುತ್ತಾರೆ.