ಅಟೆಂಡ್ ಆದೆನೋ, ಪಾರ್ಟಿಸಿಪೇಟ್ ಮಾಡಿದೆನೋ?

ಬೆಂಗಳೂರಿನಲ್ಲಿ ಹೊಸ ಕೆಲಸಕ್ಕೆ ಇಂಟರ್‌ವ್ಯೂ ಇತ್ತು. ನನ್ನ ರೆಸ್ಯೂಮೆಯ ಕೊನೆಗೆ ಅಭಿಮಾನದಿಂದ ಒಂದು ಸಾಲು ಸೇರಿಸಿದ್ದೆ: ಕಿತ್ತೂರು ಉತ್ಸವ 2024ರಲ್ಲಿ ‘ಪಾರ್ಟಿಸಿಪೇಟೆಡ್’. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯ ಕಂಪನಿ ಪಡೆಯನ್ನು ಸೋಲಿಸಿತ್ತಲ್ಲ, ಅದಕ್ಕೆ 200 ವರ್ಷ ತುಂಬಿದ ಉತ್ಸವ ಅದು. ಆ ರಾಣಿಯ ಸಮಾಧಿ ಇರುವುದು ನಮ್ಮೂರು ಬೈಲಹೊಂಗಲದಲ್ಲೇ. ಅಭಿಮಾನ ಇರದೇ ಇರುತ್ತದೆಯೇ?

ಎದುರಿಗೆ ಕುಳಿತ ಮೇಡಂ ಅದೇ ಸಾಲಿನ ಮೇಲೆ ಬೆರಳಿಟ್ಟು, “ಇದರಲ್ಲಿ ನಿಮ್ಮ ಪಾತ್ರ ಏನಿತ್ತು?” ಎಂದು ಕೇಳಿದರು.

ನಾನು ಡೊಳ್ಳು ಬಾರಿಸಿರಲಿಲ್ಲ, ಹಾಡಿರಲಿಲ್ಲ, ಸ್ವಯಂಸೇವಕನೂ ಆಗಿರಲಿಲ್ಲ. ಮೆರವಣಿಗೆ ನೋಡಿ, ಗಿರ್ಮಿಟ್ ಮಿರ್ಚಿ ತಿಂದು, ಕೋಟೆ ಮುಂದೆ ಸೆಲ್ಫಿ ತೆಗೆದುಕೊಂಡು ರಾತ್ರಿ ಬಸ್ಸಿಗೆ ಊರಿಗೆ ಮರಳಿದ್ದೆ ಅಷ್ಟೇ. “ನೋಡೋಕೆ ಹೋಗಿದ್ದೆ ಮೇಡಂ” ಎಂದೆ.

“ಹಾಗಾದ್ರೆ ‘ಅಟೆಂಡೆಡ್’ ಅಂತ ಬರೀಬೇಕಿತ್ತು” ಎಂದು ನಕ್ಕರು. ಆ ಕೆಲಸ ಸಿಗಲಿಲ್ಲ. ಆ ಒಂದು ಪದದಿಂದಲೇ ಸಿಗಲಿಲ್ಲ ಅಂತಲ್ಲ, ಆದರೆ ಇಂದಿಗೂ ನೆನಪಿರುವುದು ಅದೊಂದೇ.

ಸುಳ್ಳು ಹೇಳಬೇಕೆಂದು ಬರೆದಿದ್ದಲ್ಲ. ತಪ್ಪು ಬಂದದ್ದು ನನ್ನ ತಲೆಯೊಳಗಿನ ಕನ್ನಡದಿಂದ. ‘ಭಾಗವಹಿಸು’ ಎಂಬ ನಮ್ಮ ಪದದ ಮನಸ್ಸು ದೊಡ್ಡದು. ವೇದಿಕೆ ಮೇಲೆ ಹಾಡುವವರೂ ಭಾಗವಹಿಸುತ್ತಾರೆ, ಕೊನೆಯ ಕುರ್ಚಿಯಲ್ಲಿ ಕುಳಿತು ಶೇಂಗಾ ತಿನ್ನುವವರೂ ಭಾಗವಹಿಸುತ್ತಾರೆ. ಇಂಗ್ಲಿಷ್ ಹಾಗಲ್ಲ. ಬಂದವರನ್ನು ಬೇರೆ, ಕೈ ಹಚ್ಚಿದವರನ್ನು ಬೇರೆ ಕೂರಿಸುತ್ತದೆ.

ಅಂದಿನಿಂದ ಈ ಪದಗಳನ್ನು ನಮ್ಮ ಕಡೆಯ ಊರುಗಳ ಮೇಲೆಯೇ ಹಚ್ಚಿ ನೋಡಲು ಶುರು ಮಾಡಿದೆ. ಬೇಗ ತಲೆಗೆ ಹತ್ತುತ್ತವೆ, ನೀವೂ ನೋಡಿ.

ಕಿತ್ತೂರಿನ ಮೆರವಣಿಗೆ ನೋಡಲು ನಿಂತವರು ‘ಅಟೆಂಡ್’ ಆದವರು. ಡೊಳ್ಳು ಹೊತ್ತು ನಡೆದವರು ‘ಪಾರ್ಟಿಸಿಪೇಟ್’ ಮಾಡಿದವರು. ‘ಟೇಕ್ ಪಾರ್ಟ್’ ಅಂದರೂ ಅದೇ ಅರ್ಥ. ಮೊದಲನೆಯದು ಆಫೀಸ್ ಮೇಲ್‌ಗೆ, ಎರಡನೆಯದು ಮಾತಿಗೆ ಹೊಂದುತ್ತದೆ. ಎರಡಕ್ಕೂ ಮುಂದೆ ‘ಇನ್’ ಬೇಕು. ಮೆರವಣಿಗೆ ಹೊರಟ ಮೇಲೆ ನಡುವೆ ಸೇರಿಕೊಂಡರೆ ‘ಜಾಯಿನ್’.

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೆ ಹೋದರೆ, ಪ್ರಸಾದ ಹಂಚಿಕೊಂಡು ಉಣ್ಣುವುದಕ್ಕೆ ‘ಪಾರ್ಟೇಕ್’ ಎಂಬ ಹಳೆಯ ಪದವಿದೆ. ಊಟ ತಿಂಡಿಗೆ ಸರಿ. ಆದರೆ ಟೀಮ್ ಮೀಟಿಂಗ್‌ಗೆ ಹಾಗೆ ಬರೆದರೆ ನಗುತ್ತಾರೆ.

ರಾಮದುರ್ಗದ ಪಾಠ ಇನ್ನೂ ಸೂಕ್ಷ್ಮ. 1939ರಲ್ಲಿ ಅಲ್ಲಿಯ ಜನ ಸಂಸ್ಥಾನದ ಆಡಳಿತದ ವಿರುದ್ಧ ಎದ್ದು ಜೈಲು ಸೇರಿದರು. ಅವರನ್ನು ‘ಇನ್ವಾಲ್ವ್ಡ್’ ಎಂದರೆ ಪೊಲೀಸ್ ಕೇಸಿನ ವಾಸನೆ ಬರುತ್ತದೆ. ‘ಟುಕ್ ಪಾರ್ಟ್’ ಎಂದರೆ ಹೋರಾಟಗಾರರಾಗುತ್ತಾರೆ. ಜನ ಅವರೇ, ಘಟನೆ ಅದೇ. ಬರೆಯುವವರು ಯಾವ ಕಡೆ ನಿಂತಿದ್ದಾರೆ ಎಂಬುದನ್ನು ಕ್ರಿಯಾಪದವೇ ಹೇಳಿಬಿಡುತ್ತದೆ.

ಇನ್ನೊಂದು ತಪ್ಪು ನಮ್ಮೆಲ್ಲರದು. ಮೀಟಿಂಗಿ‘ಗೆ’ ಹೋದೆ ಎನ್ನುತ್ತೇವಲ್ಲ, ಆ ‘ಗೆ’ ಇಂಗ್ಲಿಷಿಗೆ ಹೋಗುವಾಗ ‘ಟು’ ಆಗಿಬಿಡುತ್ತದೆ. ‘ಅಟೆಂಡೆಡ್ ಟು ದ ಮೀಟಿಂಗ್’ ಎಂದು ಬರೆಯುತ್ತೇವೆ. ಅಲ್ಲಿ ‘ಟು’ ಬೇಡ. ‘ಅಟೆಂಡ್ ಟು’ ಅಂದರೆ ಗಮನ ಕೊಟ್ಟು ನೋಡಿಕೊಳ್ಳುವುದು, ಆರೈಕೆ ಮಾಡುವುದು.

ಈ ವ್ಯತ್ಯಾಸ ಮಾತ್ರ ನನಗೆ ತಿಳಿದದ್ದು ಪುಸ್ತಕದಿಂದಲ್ಲ.

ಕಳೆದ ವರ್ಷ ನಮ್ಮ ಆಯಿಯನ್ನು ಬೆಳಗಾವಿಯ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದರು. ಶನಿವಾರ ಬೆಳಿಗ್ಗೆ ನಾನು ಹಣ್ಣಿನ ಚೀಲ ಹಿಡಿದುಕೊಂಡು ಹೋದೆ. ನರ್ಸ್ ಫಾರ್ಮ್ ಹಿಡಿದು ಬಂದು, “ಪೇಷಂಟ್ ಜೋಡಿ ಅಟೆಂಡರ್ ಯಾರದಾರ್ರೀ?” ಎಂದು ಕೇಳಿದರು. ಹಿರಿಯ ಮೊಮ್ಮಗ ನಾನೇ ಎಂದು ಕೈ ಚಾಚಿದೆ. ಅವರು ನನ್ನನ್ನು ನೋಡಲೇ ಇಲ್ಲ. ಫಾರ್ಮ್ ಹೋದದ್ದು ತಂಗಿಯ ಕೈಗೆ. ಒಂಬತ್ತು ದಿನದಿಂದ ಅಲ್ಲಿ ಚಾಪೆ ಹಾಸಿ ಮಲಗಿದ್ದವಳು ಅವಳು. ಯಾವ ಗುಳಿಗೆ ಎಷ್ಟು ಗಂಟೆಗೆ, ಗಂಜಿಗೆ ಉಪ್ಪು ಎಷ್ಟು, ಎಲ್ಲ ಅವಳಿಗೇ ಗೊತ್ತಿತ್ತು.

ರವಿವಾರ ರಾತ್ರಿ ಬಸ್ ಹತ್ತಿದೆ. ಸೋಮವಾರ ತಂಗಿ ಫೋನಿನಲ್ಲಿ ಹೇಳಿದಳು: “ಅಣ್ಣಾ, ನೀ ಬಂದಿದ್ದಿ ಅಂತ ಆಯಿ ವಾರ್ಡಿನಾಗ ಎಲ್ಲಾರಿಗೂ ಹೇಳಾಕತ್ತಾಳ ನೋಡು.” ಅವಳ ದನಿಯಲ್ಲಿ ಬೇಜಾರು ಇರಲಿಲ್ಲ. ಬೇಜಾರಾದದ್ದು ನನಗೆ. ನಾನು ಅಲ್ಲಿಯೂ ಬರೀ ಅಟೆಂಡ್ ಆಗಿ ಬಂದಿದ್ದೆ.

ಡಿಕ್ಷನರಿ ತೆರೆದು ನೋಡಿದೆ. ‘ಅಟೆಂಡ್’ ಪದದ ಲ್ಯಾಟಿನ್ ಮೂಲಕ್ಕೆ ‘ಅತ್ತ ಕಡೆ ಚಾಚು’ ಎಂಬ ಅರ್ಥವಿದೆ. ಬರೀ ಕುರ್ಚಿ ತುಂಬುವುದಕ್ಕೆ ಹುಟ್ಟಿದ ಪದವಲ್ಲ ಅದು.

ಈಗ ರೆಸ್ಯೂಮೆಯಲ್ಲಿ ಕಿತ್ತೂರು ಉತ್ಸವದ ಸಾಲೇ ಇಲ್ಲ. ಕೈ ಹಚ್ಚಿದ ಕೆಲಸಗಳನ್ನಷ್ಟೇ ಬರೆದಿದ್ದೇನೆ, ಪಟ್ಟಿ ಸಣ್ಣದಾಗಿದೆ. ಮುಂದಿನ ತಿಂಗಳು ಆಯಿಯ ಚೆಕಪ್ ಇದೆ. ತಂಗಿಗೆ ಪರೀಕ್ಷೆ. ನಿನ್ನೆ ಮ್ಯಾನೇಜರ್‌ಗೆ ಒಂದು ವಾರದ ರಜೆ ಕೇಳಿ ಮೇಲ್ ಬರೆದೆ: ಅಜ್ಜಿಯನ್ನು ‘ಅಟೆಂಡ್ ಟು’ ಮಾಡಬೇಕಿದೆ ಎಂದು. ಈ ಸಲ ‘ಟು’ ಬಿಡಲಿಲ್ಲ.