ಒಂಟಿ ಲೆಕ್ಕ

ಸಂಘಗಳೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹಾರ, ತುರಾಯಿ, ವಂದನಾರ್ಪಣೆ, ಕೊನೆಗೆ ಉಪ್ಪಿಟ್ಟು. ಇಷ್ಟಕ್ಕಾಗಿ ಚಂದಾ ತೆರಬೇಕೆ ಎಂಬುದು ನನ್ನ ವಾದ. ಕಟ್ಟಡದ ಕಂಬ, ತೊಲೆಗಳಿಗೆ ಎಷ್ಟು ಕಬ್ಬಿಣ ಬೇಕೆಂದು ಲೆಕ್ಕ ಹಾಕಿಕೊಡುವುದು ನನ್ನ ವೃತ್ತಿ. ಬೆಂಗಳೂರಿನಲ್ಲಿ ಮೂರು ಮೇಜಿನ ಸಣ್ಣ ಕಚೇರಿ. ನಮ್ಮಂಥವರಿಗಾಗಿ ಈ ಊರಿನಲ್ಲೇ 1985ರಲ್ಲಿ ಹುಟ್ಟಿದ ಸಲಹಾ ಸಿವಿಲ್ ಇಂಜಿನಿಯರುಗಳ ಸಂಘಕ್ಕೆ ಸೇರಿರೆಂದು ಹಿರಿಯ ಮಿತ್ರರೊಬ್ಬರು ಅರ್ಜಿ ಕೊಟ್ಟುಹೋಗಿದ್ದರು. ಓಲಾಡುತ್ತಿದ್ದ ನನ್ನ ಮೇಜಿನ ಕಾಲಡಿಗೆ ಅದನ್ನೇ ಮಡಿಸಿ ತುರುಕಿದ್ದೆ. "ಊರ ಮನೆಗಳನ್ನೆಲ್ಲ ನಿಲ್ಲಿಸುವವರ ಮೇಜಿಗೆ ಕಾಗದದ ಆಸರೆಯೇ?" ಎಂದು ನನ್ನಾಕೆ ನಕ್ಕಿದ್ದಳು.

2001ರ ಜನವರಿ 26ರಂದು ಗುಜರಾತಿನ ಭುಜ್ ಬಳಿ ಭೂಮಿ ನಡುಗಿತು. ಇನ್ನೂರು ಕಿಲೋಮೀಟರಿಗೂ ಆಚೆ, ಅಹಮದಾಬಾದಿನಲ್ಲಿ ಬಹುಮಹಡಿ ಮನೆಗಳು ಕುಸಿದವು. ಅವುಗಳಲ್ಲಿ ಅನೇಕ, ವಾಹನ ನಿಲ್ಲಿಸಲೆಂದು ನೆಲದಂತಸ್ತಿನಲ್ಲಿ ಗೋಡೆಯಿಲ್ಲದೆ ಬರಿಯ ಕಂಬಗಳನ್ನೇ ಬಿಟ್ಟಂಥವು. ಪತ್ರಿಕೆಯ ಚಿತ್ರ ನೋಡಿ ಎದೆ ಝಲ್ಲೆಂದಿತು. ಅಂಥದೇ ಮನೆಯೊಂದರ ನಕ್ಷೆ ನನ್ನ ಸಹಿಗಾಗಿ ಮೇಜಿನ ಮೇಲೆ ಕಾದಿತ್ತು.

ಯಾರನ್ನು ಕೇಳಲಿ? ಮನೆಯ ಯಜಮಾನರಿಗೆ ಖರ್ಚಿನ ಚಿಂತೆ, ಮೇಸ್ತ್ರಿಗೆ ಕೂಲಿಯ ಚಿಂತೆ. ನಕ್ಷೆ ಬರೆಯುವ ಹುಡುಗನಿಗೆ ನಾನು ಹೇಳಿದ್ದೇ ವೇದ. ಹದಿನೈದು ವರ್ಷಗಳಲ್ಲಿ ನನ್ನ ಲೆಕ್ಕವನ್ನು ತಪ್ಪೆನ್ನಬಲ್ಲ ಒಬ್ಬರೂ ಆ ಕಚೇರಿಯೊಳಗೆ ಕಾಲಿಟ್ಟಿರಲಿಲ್ಲ. ಅದನ್ನೇ ನನ್ನ ಜಾಣತನವೆಂದು ಬಗೆದಿದ್ದೆ!

ಸುರುಳಿ ಹಿಡಿದು ಆ ಹಿರಿಯರ ಮನೆಗೆ ಹೋದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಮೇಲಿನ ಅಂತಸ್ತುಗಳಿಗೆ ಗೋಡೆಗಳಿವೆ, ಪೆಟ್ಟಿಗೆಯಂತೆ ಬಿಗಿಯಾಗಿ ನಿಲ್ಲುತ್ತವೆ. ನೆಲ ಅಲುಗಿದರೆ ಓಲಾಟವೆಲ್ಲ ಈ ಬರಿಗಂಬಗಳ ಪಾಲಿಗೆ. ಭಾರ ಹೊರುವುದಕ್ಕೆ ಲೆಕ್ಕ ಹಾಕಿದ್ದೀರಿ, ಓಲಾಡುವುದಕ್ಕೆ ಹಾಕಿದ್ದೀರಾ?"

ಹಾಕಿರಲಿಲ್ಲ.

ಕಂಬಗಳು ದಪ್ಪವಾದವು, ಕಬ್ಬಿಣ ಹೆಚ್ಚಿತು. "ಬೆಂಗಳೂರಿಗೆ ಭೂಕಂಪ ಎಲ್ಲಿಂದ ಬರಬೇಕು, ಸ್ವಾಮಿ?" ಎಂದು ಯಜಮಾನರು ಮುನಿದರು. ಮುಂದಿನ ಎರಡು ಕೆಲಸಗಳನ್ನು ಬೇರೆಯವರಿಗೆ ಕೊಟ್ಟರು. ಆ ವರ್ಷ ನಮ್ಮ ಮನೆಯ ಖರ್ಚಿಗೆ ಕತ್ತರಿ ಬಿತ್ತು. ನನ್ನಾಕೆ ಒಂದು ಮಾತೂ ಆಡಲಿಲ್ಲ.

2002ರಲ್ಲಿ ಭೂಕಂಪಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಪರಿಷ್ಕೃತವಾಯಿತು. ಅಂಥ ಅಂತಸ್ತಿನ ಕಂಬ, ತೊಲೆಗಳನ್ನು ಲೆಕ್ಕಕ್ಕೆ ಬರುವ ಬಲದ ಎರಡೂವರೆ ಪಟ್ಟಿಗೆ ರೂಪಿಸಬೇಕು, ಇಲ್ಲವೇ ಕಾಂಕ್ರೀಟು ಗೋಡೆಗಳ ಆಸರೆ ಕೊಡಬೇಕು ಎಂಬ ವಿಧಿ ಬಂತು. ಆ ಸುದ್ದಿಯನ್ನು ನಾನು ಕೇಳಿದ್ದು ಸಂಘದ ಉಪನ್ಯಾಸದಲ್ಲಿ. ಮೇಜಿನ ಕಾಲಡಿಯಿಂದ ಅರ್ಜಿಯನ್ನು ಎಳೆದು, ಸುಕ್ಕು ಬಿಡಿಸಿ, ಸಹಿ ಹಾಕಿ ಅಷ್ಟರಲ್ಲಾಗಲೇ ಸದಸ್ಯನಾಗಿದ್ದೆ.

ಮೇಜು ಈಗಲೂ ಓಲಾಡುತ್ತದೆ. ಸಂಘದಲ್ಲಿ ಉಪ್ಪಿಟ್ಟೂ ಉಂಟು; ನಿಜ ಹೇಳಬೇಕೆಂದರೆ, ಚೆನ್ನಾಗಿಯೇ ಇರುತ್ತದೆ.